ಹಳೆಯ ಗಮ್ ಕಾರ್ಡನ್ನು ನಿಜವಾಗಿ ಹೊರತಂದವರು ಯಾರು?

1962ರಲ್ಲಿ ಅಮೆರಿಕದ ಮಕ್ಕಳ ಕೈಗೆ 'ಮಾರ್ಸ್ ಅಟ್ಯಾಕ್ಸ್' ಅನ್ನೋ 55 ಕಾರ್ಡುಗಳ ಸೆಟ್ ಬಂತು. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಥೆ. ರಕ್ತ, ಬೆಂಕಿ, ಸುಟ್ಟು ಎಲುಬಾದ ಸೈನಿಕರು, ಎಲ್ಲವೂ ಅದರ ಚಿತ್ರಗಳಲ್ಲಿ ಇದ್ದವು. ಕಾರ್ಡಿನ ಮೇಲಿರುವ ಕಂಪನಿಯ ಹೆಸರು 'ಬಬಲ್ಸ್ ಇಂಕ್'. ಆದರೆ ಇವತ್ತು ಯಾವ ಸಂಗ್ರಾಹಕರನ್ನು ಕೇಳಿದರೂ 'ಅದು ಟಾಪ್ಸ್ ಕಂಪನಿಯ ಕಾರ್ಡು' ಅನ್ನುತ್ತಾರೆ. ಕಾರ್ಡು ಒಂದು ಹೆಸರು ಹೇಳುತ್ತದೆ, ಸಂಗ್ರಾಹಕರು ಇನ್ನೊಂದು ಹೇಳುತ್ತಾರೆ. ಎರಡೂ ಸುಳ್ಳಲ್ಲ. ಇದು ಹೇಗೆ ಸಾಧ್ಯ ಅಂತ ಅರ್ಥ ಮಾಡಿಕೊಂಡರೆ ಹಳೆಯ ಕಾರ್ಡುಗಳ ಮುಕ್ಕಾಲು ಗೊಂದಲ ಬಗೆಹರಿಯುತ್ತದೆ.

ಟ್ರೇಡಿಂಗ್ ಕಾರ್ಡು ಅಂದರೆ ಬಬಲ್ ಗಮ್, ಸಿಗರೇಟು, ಕಾಫಿ, ಟೀ ಪೊಟ್ಟಣಗಳ ಜೊತೆ ಬರುತ್ತಿದ್ದ ಚಿತ್ರದ ಚೀಟಿ. ಬೇಸ್‌ಬಾಲ್, ಫುಟ್‌ಬಾಲ್ ಆಟಗಾರರ ಕಾರ್ಡುಗಳದ್ದೇ ಒಂದು ದೊಡ್ಡ ಲೋಕ. ಅದನ್ನು ಬಿಟ್ಟು ಉಳಿದ ಹಕ್ಕಿ, ಬಾವುಟ, ಯುದ್ಧ, ಟಿವಿ ಧಾರಾವಾಹಿ, ಭೂತ ಪ್ರೇತ ಎಲ್ಲವನ್ನೂ ಸೇರಿಸಿ 'ನಾನ್ ಸ್ಪೋರ್ಟ್ಸ್' ಅಂತ ಕರೆಯುತ್ತಾರೆ. ಆಟಗಾರರ ಕಾರ್ಡಿಗೆ ದುಡ್ಡು ಜಾಸ್ತಿ, ಹಾಗಾಗಿ ಅವುಗಳ ಬಗ್ಗೆ ಹುಡುಕಾಟವೂ ಜಾಸ್ತಿ ನಡೆದಿದೆ. ಈ ಕಡೆ ಕೆಲಸ ಮಾಡಿದವರು ಕಡಿಮೆ. ಆದರೆ ನನ್ನ ಮಟ್ಟಿಗೆ ನಿಜವಾದ ಪತ್ತೇದಾರಿ ಇರುವುದು ಇಲ್ಲೇ.

'ಈ ಕಾರ್ಡನ್ನು ಮಾಡಿದವರು ಯಾರು' ಅನ್ನೋದು ಕೇಳಲು ಒಂದೇ ಪ್ರಶ್ನೆ. ಒಳಗೆ ನಾಲ್ಕು ಪ್ರಶ್ನೆಗಳಿವೆ. ಗಮ್ ಅಥವಾ ಸಿಗರೇಟು ಮಾರಲು ಈ ಕಾರ್ಡನ್ನು ಹೊರತಂದ ಕಂಪನಿ ಯಾವುದು? ಕಾಗದದ ಮೇಲೆ ಅಚ್ಚು ಹಾಕಿದ ಪ್ರೆಸ್ ಯಾವುದು? ಚಿತ್ರದ ಅಥವಾ ಪಾತ್ರದ ಹಕ್ಕು ಯಾರದ್ದು? ಅಂಗಡಿಗಳಿಗೆ ಹಂಚಿದವರು ಯಾರು? ಕೆಲವೊಮ್ಮೆ ನಾಲ್ಕಕ್ಕೂ ಒಂದೇ ಉತ್ತರ. ಹೆಚ್ಚಿನ ಸಲ ಅಲ್ಲ. ಸಂಗ್ರಾಹಕರು 'ತಯಾರಕರು' ಅಂದಾಗ ಮೊದಲನೆಯವರನ್ನೇ ಹೇಳುತ್ತಿರುತ್ತಾರೆ. ಆದರೆ ಕಾರ್ಡಿನ ಮೇಲೆ ಕಾಣಿಸುವ ಹೆಸರು ನಾಲ್ವರಲ್ಲಿ ಯಾರದ್ದಾದರೂ ಆಗಿರಬಹುದು.

ಮೊದಲು ಪ್ರೆಸ್ಸಿನ ವಿಷಯ ನೋಡೋಣ. ನಮ್ಮ ಮದುವೆ ಕರೆಯೋಲೆಯ ತಳದಲ್ಲಿ ಸಣ್ಣಕ್ಷರದಲ್ಲಿ ಪ್ರಿಂಟರ್ಸ್ ಹೆಸರು ಇರುತ್ತದಲ್ವಾ? ಅವರು ಮದುವೆ ಮಾಡಿಸಿದವರಲ್ಲ. 1880ರ ದಶಕದ ಅಮೆರಿಕದ ಸಿಗರೇಟು ಕಾರ್ಡುಗಳಲ್ಲೂ ಹೀಗೇ ಇದೆ. ವರ್ಜೀನಿಯಾದ ರಿಚ್ಮಂಡ್ ಊರಿನ ಆಲನ್ ಅಂಡ್ ಗಿಂಟರ್ ಅನ್ನೋ ತಂಬಾಕು ಕಂಪನಿ ಚಂದ ಚಂದದ ಕಾರ್ಡುಗಳನ್ನು ಹೊರತಂದಿತು. ಅವುಗಳಲ್ಲಿ ಕೆಲವದರ ಮೇಲೆ 'ಲಿಂಡ್ನರ್, ಎಡ್ಡಿ ಅಂಡ್ ಕ್ಲಾಸ್, ನ್ಯೂಯಾರ್ಕ್' ಅಂತ ಇದೆ. ಇನ್ನು ಕೆಲವದರ ಮೇಲೆ ಫಿಲಡೆಲ್ಫಿಯಾದ 'ಜಾರ್ಜ್ ಎಸ್. ಹ್ಯಾರಿಸ್ ಅಂಡ್ ಸನ್ಸ್' ಹೆಸರಿದೆ. ಇವರೆಲ್ಲ ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಚಿತ್ರ ಬಿಡಿಸಿ ಅಚ್ಚು ಹಾಕುವ ಲಿಥೋಗ್ರಫಿ ಕೆಲಸದವರು. ಹಾಗೆಯೇ ಆರ್ಬಕಲ್ ಕಾಫಿಯ ಕಾರ್ಡುಗಳಲ್ಲಿ ಡೊನಾಲ್ಡ್‌ಸನ್ ಬ್ರದರ್ಸ್ ಅನ್ನೋ ನ್ಯೂಯಾರ್ಕ್ ಪ್ರೆಸ್ಸಿನ ಹೆಸರು ಸಿಗುತ್ತದೆ. ಹೊಸಬರು ಈ ಹೆಸರನ್ನೇ ಕಂಪನಿ ಅಂದುಕೊಂಡು ಪಟ್ಟಿ ಮಾಡಿಬಿಡುತ್ತಾರೆ. ಹೆಸರಿನ ಪಕ್ಕ 'ಲಿಥ್' ಅನ್ನೋ ತುಂಡು ಪದ ಇದ್ದರೆ ಅದು ಪ್ರೆಸ್ಸು ಅಂತ ತಿಳಿದುಕೊಳ್ಳಬೇಕು. ಹಾಗಂತ ಪ್ರೆಸ್ಸಿನ ಹೆಸರು ದಂಡ ಅಂತಲ್ಲ. ಒಂದೇ ಪ್ರೆಸ್ಸು ಯಾವ ಯಾವ ಕಂಪನಿಗೆ ಅಚ್ಚು ಹಾಕುತ್ತಿತ್ತು ಅಂತ ಗೊತ್ತಾದರೆ ಹೆಸರಿಲ್ಲದ ಕಾರ್ಡಿಗೂ ಒಂದು ದಾರಿ ಸಿಗುತ್ತದೆ.

ಹಕ್ಕುದಾರರ ಹೆಸರು ಇದಕ್ಕಿಂತ ದೊಡ್ಡ ಬಲೆ. 1966ರ ಬ್ಯಾಟ್‌ಮ್ಯಾನ್ ಕಾರ್ಡುಗಳ ಕಾಪಿರೈಟ್ ಸಾಲಿನಲ್ಲಿ 'ನ್ಯಾಷನಲ್ ಪೀರಿಯಾಡಿಕಲ್ ಪಬ್ಲಿಕೇಷನ್ಸ್' ಅಂತ ಇದೆ. ಅದು ಬ್ಯಾಟ್‌ಮ್ಯಾನ್ ಕಾಮಿಕ್ಸ್ ಪ್ರಕಟಿಸುತ್ತಿದ್ದ ಕಂಪನಿ. ನಾವು ಇವತ್ತು ಡಿಸಿ ಅನ್ನೋದು ಅದನ್ನೇ. ಗಮ್ ಮಾರಿದ್ದು ಟಾಪ್ಸ್. ಅದೇ ವರ್ಷ ಮಂಕೀಸ್ ಅನ್ನೋ ಸಂಗೀತ ತಂಡದ ಕಾರ್ಡುಗಳು ಬಂದವು. ಅಲ್ಲಿ ಕಾಪಿರೈಟ್ ಇರುವುದು ಟಿವಿ ಕಾರ್ಯಕ್ರಮ ಮಾಡಿದ ರೇಬರ್ಟ್ ಪ್ರೊಡಕ್ಷನ್ಸ್ ಹೆಸರಿನಲ್ಲಿ. ಕಾರ್ಡು ಹೊರತಂದದ್ದು ಟೆನೆಸ್ಸಿಯ ಮೆಂಫಿಸ್ ಊರಿನ ಡಾನ್‌ರಸ್. ಟಿವಿ, ಸಿನಿಮಾ, ಕಾಮಿಕ್ಸ್ ಪಾತ್ರಗಳ ಕಾರ್ಡು ಕೈಗೆ ಬಂದರೆ ಕಾಪಿರೈಟ್ ಸಾಲನ್ನು ಓದಿ, ಬರೆದಿಟ್ಟುಕೊಳ್ಳಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ.

ಕಾರ್ಡಿನ ಮೇಲೆ ಗಮ್ ಕಂಪನಿ ತನ್ನ ಹೆಸರನ್ನು ದೊಡ್ಡದಾಗಿ ಯಾಕೆ ಹಾಕಲಿಲ್ಲ? ಕೆಲವರು ಹಾಕಿದರು. ಫಿಲಡೆಲ್ಫಿಯಾದ ಗಮ್ ಇಂಕ್ 1938ರಲ್ಲಿ ತಂದ 'ಹಾರರ್ಸ್ ಆಫ್ ವಾರ್' ಸೆಟ್ಟಿನಲ್ಲಿ ಹೆಸರು, ಊರು, ವರ್ಷ ಎಲ್ಲವೂ ಇದೆ. ಇಂಥ ಕಾರ್ಡು ಸಿಕ್ಕರೆ ತಲೆಬಿಸಿಯೇ ಇಲ್ಲ. ಆದರೆ ಹಾಕಲೇಬೇಕು ಅಂತ ಕಟ್ಟುಪಾಡು ಇದ್ದದ್ದು ಕಾರ್ಡಿಗಲ್ಲ, ಹೊದಿಕೆಗೆ. ಗಮ್ ತಿನ್ನುವ ಪದಾರ್ಥ. ಅಮೆರಿಕದ 1938ರ ಆಹಾರ ಮತ್ತು ಔಷಧ ಕಾನೂನಿನ ಪ್ರಕಾರ ಪೊಟ್ಟಣದ ಮೇಲೆ ತಯಾರಕರ, ಪ್ಯಾಕ್ ಮಾಡಿದವರ ಅಥವಾ ಹಂಚಿದವರ ಹೆಸರು, ಊರು ಇರಬೇಕು. ಒಳಗಿನ ಕಾರ್ಡು ಕಾನೂನಿನ ಕಣ್ಣಿಗೆ ಗಮ್ ಜೊತೆಗೆ ಬಂದ ಒಂದು ಕಾಗದದ ಚೂರು ಅಷ್ಟೇ. ಹಾಗಾಗಿ ಗಟ್ಟಿ ಸಾಕ್ಷಿ ಇದ್ದದ್ದು ರ‍್ಯಾಪರ್ ಮೇಲೆ. ಮಕ್ಕಳು ಮಾಡಿದ್ದೇನು? ರ‍್ಯಾಪರ್ ಹರಿದು ಬಿಸಾಕಿದರು, ಗಮ್ ಬಾಯಿಗೆ ಹಾಕಿಕೊಂಡರು, ಕಾರ್ಡು ಇಟ್ಟುಕೊಂಡರು. ಉಳಿದದ್ದು ಕಾರ್ಡು, ಕಳೆದದ್ದು ಅದರ ವಿಳಾಸ.

ಅದಕ್ಕೇ ಹಳೆಯ ರ‍್ಯಾಪರ್ ಸಿಕ್ಕರೆ ಸಂಗ್ರಾಹಕರು ಅಷ್ಟೊಂದು ಖುಷಿಪಡುತ್ತಾರೆ. ಎಣ್ಣೆ ಹಿಡಿದ ಆ ಮೇಣದ ಕಾಗದವೇ ಎಷ್ಟೋ ಸೆಟ್‌ಗಳಿಗೆ ಹುಟ್ಟಿದ ದಾಖಲೆ. ಅಂಗಡಿಯ ಮೇಜಿನ ಮೇಲಿಡುತ್ತಿದ್ದ ಡಬ್ಬಿಯೂ ಅಷ್ಟೇ ಮುಖ್ಯ. ಆದರೆ ಕಾನೂನಿನ ಮಾತನ್ನು ಇನ್ನೊಮ್ಮೆ ಓದಿ. ತಯಾರಕರು ಅಥವಾ ಪ್ಯಾಕ್ ಮಾಡಿದವರು ಅಥವಾ ಹಂಚಿದವರು. ಯಾರಾದರೂ ಒಬ್ಬರ ಹೆಸರಿದ್ದರೆ ಸಾಕು. ಅಂದರೆ ರ‍್ಯಾಪರ್ ಕೂಡ ಪೂರ್ತಿ ಕಥೆ ಹೇಳುವುದಿಲ್ಲ.

ಹಂಚುವವರ ಪಾತ್ರ ಎಷ್ಟು ತೊಡಕಿನದ್ದು ಅಂತ ತೋರಿಸುವ ಒಂದು ಮೊಕದ್ದಮೆ ಇದೆ. ಫಿಲಡೆಲ್ಫಿಯಾ ಚೂಯಿಂಗ್ ಗಮ್ ಅನ್ನೋ ಅಮೆರಿಕದ ಕಂಪನಿಯ ಟಾರ್ಜನ್ ಗಮ್ಮನ್ನು ಇಂಗ್ಲೆಂಡಿನಲ್ಲಿ ಮಾರಲು ಲಂಡನ್ನಿನ ಸೋಮ್‌ಪೋರ್ಟೆಕ್ಸ್ ಅನ್ನೋ ಕಂಪನಿ ಹೊರಟಿತ್ತು. ವ್ಯವಹಾರ ಮುರಿದುಬಿತ್ತು. 1967ರಲ್ಲಿ ಸೋಮ್‌ಪೋರ್ಟೆಕ್ಸ್ ಇಂಗ್ಲೆಂಡಿನಲ್ಲಿ ದಾವೆ ಹಾಕಿ ಗೆದ್ದಿತು. ಆ ತೀರ್ಪು ಅಮೆರಿಕದಲ್ಲೂ ನಡೆಯುತ್ತದೆ ಅಂತ ಅಲ್ಲಿನ ಮೇಲ್ಮನವಿ ನ್ಯಾಯಾಲಯ 1971ರಲ್ಲಿ ಹೇಳಿತು. ವಿದೇಶಿ ತೀರ್ಪುಗಳ ಬಗ್ಗೆ ಓದುವ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಈ ಪ್ರಕರಣ ಓದುತ್ತಾರೆ. ನಮಗೆ ಅದರಿಂದ ಸಿಗುವುದು ಬೇರೆ. ಒಂದೇ ಸರಕಿಗೆ ಎರಡು ದೇಶಗಳಲ್ಲಿ ಎರಡು ಹೆಸರು ಅಂಟಿಕೊಳ್ಳುವ ದಾರಿ ಹೀಗೆ ಶುರುವಾಗುತ್ತದೆ.

ಈಗ ಬಬಲ್ಸ್ ಇಂಕ್ ವಿಷಯಕ್ಕೆ ಬರೋಣ. ಟಾಪ್ಸ್ ಕಂಪನಿಯನ್ನು 1938ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶೋರಿನ್ ಅಣ್ಣತಮ್ಮಂದಿರು ಶುರು ಮಾಡಿದರು. ಅದರ ಕಾರ್ಡುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ 'ಟಿ.ಸಿ.ಜಿ.' ಅಂತ ಮೂರಕ್ಷರ ಇರುತ್ತದೆ. ಟಾಪ್ಸ್ ಚೂಯಿಂಗ್ ಗಮ್ ಅಂತ ಅರ್ಥ. 1964ರ ಬೀಟಲ್ಸ್ ಕಾರ್ಡುಗಳಲ್ಲಿ ಇದನ್ನು ನೋಡಬಹುದು. ಮಾರ್ಸ್ ಅಟ್ಯಾಕ್ಸ್‌ನಲ್ಲಿ ಇದಿಲ್ಲ. ಕ್ರೂರ ಚಿತ್ರಗಳಿಗೆ ಬೈಗುಳ ಬರುತ್ತದೆ ಅಂತ ಹೆದರಿ ಟಾಪ್ಸ್ ಬೇರೆ ಹೆಸರಿನ ಹಿಂದೆ ಬಚ್ಚಿಟ್ಟುಕೊಂಡಿತು ಅನ್ನೋ ಮಾತು ಎಲ್ಲ ಕಡೆ ಕೇಳಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ 1956ರಲ್ಲೇ ಗಾಯಕ ಎಲ್ವಿಸ್ ಪ್ರೀಸ್ಲಿಯ 66 ಕಾರ್ಡುಗಳ ಸೆಟ್ ಬಂದಿತ್ತು, ಅದರಲ್ಲೂ ಬಬಲ್ಸ್ ಇಂಕ್ ಹೆಸರೇ ಇತ್ತು. ಎಲ್ವಿಸ್ ಕಾರ್ಡಿನಲ್ಲಿ ರಕ್ತವೂ ಇಲ್ಲ, ಎಲುಬೂ ಇಲ್ಲ. ಅಂದಮೇಲೆ ಈ ಹೆಸರು ಮಂಗಳ ಗ್ರಹದವರಿಗಾಗಿ ಹುಟ್ಟಿದ್ದಲ್ಲ. ಟಾಪ್ಸ್ ಜೇಬಿನಲ್ಲಿ ಮೊದಲಿನಿಂದಲೇ ಇದ್ದ ಹೆಸರು. ಒಂದು ಸೆಟ್ಟಿನ ಕಥೆಯನ್ನು ಇನ್ನೊಂದು ಸೆಟ್ಟಿನ ಪಕ್ಕ ಇಟ್ಟು ನೋಡಿದರೆ ಮಾತ್ರ ಇಂಥದ್ದು ಹೊಳೆಯುತ್ತದೆ.

ಹಾಗಿದ್ದರೆ ಮಾರ್ಸ್ ಅಟ್ಯಾಕ್ಸ್ ಟಾಪ್ಸ್‌ನದ್ದೇ ಅಂತ ಹೇಗೆ ಹೇಳುವುದು? ಜನರ ಮೂಲಕ. ಅದನ್ನು ರೂಪಿಸಿದ ವುಡಿ ಗೆಲ್ಮನ್ ಮತ್ತು ಲೆನ್ ಬ್ರೌನ್ ಇಬ್ಬರೂ ಟಾಪ್ಸ್ ನೌಕರರು. ರೇಖಾಚಿತ್ರಗಳಿಗೆ ವಾಲಿ ವುಡ್, ಬಾಬ್ ಪವೆಲ್ ಕೆಲಸ ಮಾಡಿದರು. ಬಣ್ಣ ತುಂಬಿದವರು ನಾರ್ಮನ್ ಸಾಂಡರ್ಸ್. ಅದೇ 1962ರಲ್ಲಿ ಟಾಪ್ಸ್ ತನ್ನ ಹೆಸರಲ್ಲೇ ತಂದ 88 ಕಾರ್ಡುಗಳ 'ಸಿವಿಲ್ ವಾರ್ ನ್ಯೂಸ್' ಸೆಟ್ಟಿನಲ್ಲೂ ಸಾಂಡರ್ಸ್ ಕುಂಚವೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಣ್ಣ, ಹೊಡೆದಾಟದ ಭಂಗಿ, ಬೆಂಕಿ ಬಿಡಿಸುವ ರೀತಿ ಒಂದೇ ಮನೆಯದ್ದು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಮುಂದೆ 1994ರಲ್ಲಿ ಟಾಪ್ಸ್ ಈ ಚಿತ್ರಗಳನ್ನು ತನ್ನದೇ ಹೆಸರಿನಲ್ಲಿ ಮತ್ತೆ ಹೊರತಂದಿತು. ಹಕ್ಕು ಅದರ ಬಳಿಯೇ ಇತ್ತು ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಕಾರ್ಡುಗಳ ಸಂಖ್ಯೆಯಿಂದಲೇ ಕಂಪನಿ ಹಿಡಿಯಬಹುದು ಅನ್ನುವವರೂ ಇದ್ದಾರೆ. ಮೊದಲ ನೋಟಕ್ಕೆ ಇದು ಮೋಡಿ ಮಾಡುತ್ತದೆ. ಎಲ್ವಿಸ್ 66, ಮಾರ್ಸ್ ಅಟ್ಯಾಕ್ಸ್ 55, ಸಿವಿಲ್ ವಾರ್ 88, ಬ್ಯಾಟ್‌ಮ್ಯಾನ್ 55. ಎಲ್ಲವೂ 11ರ ಮಗ್ಗಿ! ಕಾರಣ ಅಚ್ಚಿನ ಹಾಳೆ. ದೊಡ್ಡ ಹಾಳೆಯಲ್ಲಿ ಸಾಲಿಗೆ 11ರಂತೆ ಕಾರ್ಡು ಹೊಂದಿಸಿ ಅಚ್ಚು ಹಾಕಿ, ಆಮೇಲೆ ಕತ್ತರಿಸುತ್ತಿದ್ದರು. ಹಾಳೆ ವ್ಯರ್ಥ ಆಗಬಾರದು ಅಂದರೆ ಸೆಟ್ಟಿನ ಸಂಖ್ಯೆ ಅದಕ್ಕೆ ಹೊಂದಬೇಕು. ಆದರೆ ಇದನ್ನು ಟಾಪ್ಸ್ ಗುರುತು ಅಂದುಕೊಂಡರೆ ಕೆಟ್ಟಿರಿ. ಫಿಲಡೆಲ್ಫಿಯಾ ಚೂಯಿಂಗ್ ಗಮ್ ಕಂಪನಿಯ 1965ರ ಜೇಮ್ಸ್ ಬಾಂಡ್ ಸೆಟ್ಟಿನಲ್ಲೂ 66 ಕಾರ್ಡು, 'ವಾರ್ ಬುಲೆಟಿನ್' ಸೆಟ್ಟಿನಲ್ಲಿ 88. ಡಾನ್‌ರಸ್‌ನ 1964ರ ಆಡಮ್ಸ್ ಫ್ಯಾಮಿಲಿಯೂ 66. ಎಲ್ಲರೂ ಒಂದೇ ಅಳತೆಯ ಕಾರ್ಡು ಮಾಡುತ್ತಿದ್ದರು, ಹಾಳೆಯ ಲೆಕ್ಕವೂ ಒಂದೇ ಆಯಿತು. ಇದಕ್ಕೂ ಹಿಂದೆ 1930ರ ದಶಕದಲ್ಲಿ 24ರ ಮಗ್ಗಿ ಕಾಣುತ್ತದೆ. ಗಮ್ ಇಂಕ್‌ನ ಹಾರರ್ಸ್ ಆಫ್ ವಾರ್‌ನಲ್ಲಿ ಮೊದಲು 240, ಆಮೇಲೆ 48 ಸೇರಿ 288. ಅದೇ ಕಂಪನಿಯ 1940ರ ಸೂಪರ್‌ಮ್ಯಾನ್ 72. ಸಂಖ್ಯೆ ಕಾಲವನ್ನು ಸೂಚಿಸುತ್ತದೆ, ಕಂಪನಿಯನ್ನಲ್ಲ. ಅಳತೆಯೂ ಹಾಗೇ. ಇವತ್ತು ನಾವು ಮಾಮೂಲಿ ಅಂದುಕೊಂಡಿರುವ 2.5 × 3.5 ಇಂಚಿನ ಗಾತ್ರ ಟಾಪ್ಸ್‌ನಲ್ಲಿ ನೆಲೆಯಾದದ್ದು 1957ರಿಂದ.

ಗಮ್ ಇಂಕ್ ಹೆಸರು ಬಂತಲ್ಲ, ಅದರದ್ದೇ ಇನ್ನೊಂದು ಪಾಠ ಇದೆ. ಜೆ. ವಾರೆನ್ ಬೋಮನ್ ಕಟ್ಟಿದ ಈ ಕಂಪನಿ ಮುಂದೆ ಬೋಮನ್ ಗಮ್ ಆಯಿತು. ಆಮೇಲೆ ಹೇಲನ್ ಲ್ಯಾಬೊರೇಟರೀಸ್ ಕೈಗೆ ಹೋಯಿತು. 1956ರಲ್ಲಿ ಟಾಪ್ಸ್ ಅದನ್ನು ಕೊಂಡುಕೊಂಡು ಬೋಮನ್ ಹೆಸರನ್ನು ಮೂಲೆಗಿಟ್ಟಿತು. 1989ರಲ್ಲಿ ಮತ್ತೆ ಹೊರತೆಗೆದು ಹೊಸ ಕಾರ್ಡುಗಳ ಮೇಲೆ ಹಾಕಿತು. 1950ರ ಬೋಮನ್ ಬೇರೆ, 1989ರ ಬೋಮನ್ ಬೇರೆ. 2022ರಲ್ಲಿ ಟಾಪ್ಸ್‌ನ ಕಾರ್ಡು ವ್ಯಾಪಾರವೇ ಫ್ಯಾನಟಿಕ್ಸ್ ಪಾಲಾಯಿತು. ಹೆಸರುಗಳನ್ನು ಮಾರುತ್ತಾರೆ, ಕೊಳ್ಳುತ್ತಾರೆ. ಕಾರ್ಡು ಬಂದ ವರ್ಷದಲ್ಲಿ ಆ ಹೆಸರು ಯಾರ ಕೈಯಲ್ಲಿತ್ತು ಅಂತ ಕೇಳಬೇಕು.

ದೇಶ ಬದಲಾದರೂ ಹೆಸರು ಬದಲಾಗುತ್ತದೆ. ಟಾಪ್ಸ್ ಚಿತ್ರಗಳನ್ನು ಇಂಗ್ಲೆಂಡಿನಲ್ಲಿ ಎ ಅಂಡ್ ಬಿಸಿ ಅನ್ನೋ ಕಂಪನಿ ಪರವಾನಗಿ ಪಡೆದು ತರುತ್ತಿತ್ತು. ಕೆನಡಾದಲ್ಲಿ ಓ-ಪೀ-ಚೀ ತರುತ್ತಿತ್ತು. ಮುಂಬದಿಯ ಚಿತ್ರ ನೋಡಿದರೆ ಮೂರೂ ಒಂದೇ. ತಿರುಗಿಸಿ, ಯಾವ ದೇಶದಲ್ಲಿ ಅಚ್ಚಾದದ್ದು ಅಂತ ಬರೆದಿದೆ ನೋಡಬೇಕು. ಫ್ರೆಂಚ್ ಸಾಲುಗಳೂ ಇದ್ದರೆ ಕೆನಡಾದ್ದು ಅಂತ ಹೆಚ್ಚುಕಡಿಮೆ ಖಾತ್ರಿ. ಇನ್ನೊಂದು ಎಚ್ಚರ ಬೇಕು. ಓ-ಪೀ-ಚೀ ಇದ್ದದ್ದು ಲಂಡನ್ನಿನಲ್ಲೇ, ಆದರೆ ಅದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್.

ಇನ್ನು ಸಿಗರೇಟು ಕಾರ್ಡುಗಳು. ನನಗೆ ಇವುಗಳ ಮೇಲೆ ಪ್ರೀತಿ ಜಾಸ್ತಿ, ಯಾಕೆಂದರೆ ಇವು ನಮ್ಮ ದೇಶದವರೆಗೂ ಬಂದಿವೆ. 1890ರಲ್ಲಿ ಜೇಮ್ಸ್ ಬ್ಯೂಕನನ್ ಡ್ಯೂಕ್ ಅಮೆರಿಕದ ದೊಡ್ಡ ಸಿಗರೇಟು ಕಂಪನಿಗಳನ್ನೆಲ್ಲ ಸೇರಿಸಿ ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿದ. ಆಲನ್ ಅಂಡ್ ಗಿಂಟರ್ ಕೂಡ ಅದರಲ್ಲಿ ಸೇರಿಹೋಯಿತು. ಹಾಗಾಗಿ ಸುಮಾರು 1910ರ ಬಾವುಟದ ಕಾರ್ಡುಗಳನ್ನು ತೆಗೆದುಕೊಂಡರೆ ಮುಂದೆ ಒಂದೇ ಚಿತ್ರ, ಹಿಂದೆ ಒಂದರಲ್ಲಿ ಸ್ವೀಟ್ ಕ್ಯಾಪೊರಲ್, ಇನ್ನೊಂದರಲ್ಲಿ ರಿಕ್ರೂಟ್. ಬ್ರಾಂಡ್ ಹಲವು, ಒಡೆಯ ಒಬ್ಬನೇ. ಆ ಕಾಲದ ಕಾರ್ಡುಗಳ ಹಿಂದೆ ಕೆಲವೊಮ್ಮೆ 'ಫ್ಯಾಕ್ಟರಿ ನಂಬರ್ 30, ನ್ಯೂಯಾರ್ಕ್ 2ನೇ ಜಿಲ್ಲೆ', 'ಫ್ಯಾಕ್ಟರಿ ನಂಬರ್ 25, ವರ್ಜೀನಿಯಾ 2ನೇ ಜಿಲ್ಲೆ' ಅಂತ ಇರುತ್ತದೆ. ಇದು ತೆರಿಗೆ ಇಲಾಖೆ ಪ್ರತಿ ತಂಬಾಕು ಕಾರ್ಖಾನೆಗೂ ಕೊಟ್ಟ ನಂಬರು. ಕಾರ್ಡು ಅಚ್ಚಾದ ಜಾಗ ಅಲ್ಲ, ಸಿಗರೇಟು ಸುತ್ತಿದ ಜಾಗ. 1911ರಲ್ಲಿ ಸುಪ್ರೀಂ ಕೋರ್ಟ್ ಈ ಕೂಟವನ್ನು ಒಡೆಯಿತು. ಅದಕ್ಕೂ ಹಿಂದಿನದ್ದೋ ಆಮೇಲಿನದ್ದೋ ಅನ್ನುವುದರ ಮೇಲೆ ಒಂದೇ ಬ್ರಾಂಡ್ ಕಾರ್ಡಿನ ಒಡೆತನ ಬದಲಾಗಬಹುದು.

ಈ ಡ್ಯೂಕ್ 1901ರಲ್ಲಿ ಇಂಗ್ಲೆಂಡಿಗೆ ನುಗ್ಗಿ ಲಿವರ್‌ಪೂಲ್‌ನ ಆಗ್ಡನ್ ಕಂಪನಿಯನ್ನು ಕೊಂಡ. ಹೆದರಿದ ಇಂಗ್ಲಿಷ್ ಕಂಪನಿಗಳು ಬ್ರಿಸ್ಟಲ್‌ನ ವಿಲ್ಸ್ ಮುಂದಾಳತ್ವದಲ್ಲಿ ಒಂದಾಗಿ ಇಂಪೀರಿಯಲ್ ಟೊಬ್ಯಾಕೊ ಕಟ್ಟಿದವು. ಕಿತ್ತಾಟ ಜೋರಾಗಿ ನಡೆದು 1902ರಲ್ಲಿ ರಾಜಿಯಾಯಿತು. ಇಂಗ್ಲೆಂಡ್ ಇಂಪೀರಿಯಲ್‌ಗೆ, ಅಮೆರಿಕ ಡ್ಯೂಕ್‌ಗೆ, ಉಳಿದ ಜಗತ್ತು ಇಬ್ಬರೂ ಸೇರಿ ಹುಟ್ಟುಹಾಕಿದ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊಗೆ. ಉಳಿದ ಜಗತ್ತಿನಲ್ಲಿ ಭಾರತವೂ ಬಂತು.

ಇದರಿಂದ ಒಂದು ವಿಚಿತ್ರ ಆಯಿತು. ವಿಲ್ಸ್ ಹೆಸರಿನ ಕಾರ್ಡು ಇಂಗ್ಲೆಂಡಿನಲ್ಲಿ ಹಂಚಿದ್ದಾದರೆ ಅದು ಇಂಪೀರಿಯಲ್‌ನದ್ದು. ಅದೇ ವಿಲ್ಸ್ ಹೆಸರಿನ ಕಾರ್ಡು ನಮ್ಮಲ್ಲಿ ಹಂಚಿದ್ದಾದರೆ ಬ್ರಿಟಿಷ್ ಅಮೆರಿಕನ್‌ನದ್ದು. ಎರಡನ್ನೂ ಬೇರೆ ಮಾಡಲು ಸಂಗ್ರಾಹಕರು ಹಿಂಬದಿಯ ತಳದ ಒಂದು ಸಾಲನ್ನು ಹುಡುಕುತ್ತಾರೆ. 'ಇಂಪೀರಿಯಲ್ ಟೊಬ್ಯಾಕೊ ಕಂಪನಿ, ಗ್ರೇಟ್ ಬ್ರಿಟನ್ ಮತ್ತು ಐರ್ಲೆಂಡ್' ಅನ್ನೋ ಅರ್ಥದ ಸಾಲು ಇದ್ದರೆ ಇಂಗ್ಲೆಂಡಿನ ಕಾರ್ಡು. ಇಲ್ಲದಿದ್ದರೆ ಅದು 1902ಕ್ಕಿಂತ ಮುಂಚಿನದ್ದಿರಬೇಕು ಅಥವಾ ಹೊರದೇಶಕ್ಕೆ ಕಳಿಸಿದ್ದಿರಬೇಕು. ಭಾರತದಲ್ಲಿ ಹೆಸರು ಮಾಡಿದ್ದ ಸಿಸರ್ಸ್ ಸಿಗರೇಟಿನ ಕಾರ್ಡುಗಳು, ಅದರಲ್ಲೂ ಇಲ್ಲಿನ ಸೇನಾ ಪಡೆಗಳ ಚಿತ್ರಗಳಿರುವ ಸೆಟ್, ಈ ಎರಡನೇ ಗುಂಪಿಗೆ ಸೇರುತ್ತವೆ. ಹಿಂದೂ ದೇವತೆಗಳ ಮತ್ತು ನವಾಬ ರಾಜರ ಸೆಟ್‌ಗಳನ್ನು ತಂದ ಪೆನಿನ್ಸುಲರ್ ಟೊಬ್ಯಾಕೊ ಹೆಸರಿಗೆ ಬೇರೆ ಕಂಪನಿ, ಒಡೆತನ ಮತ್ತೆ ಬ್ರಿಟಿಷ್ ಅಮೆರಿಕನ್‌ನದ್ದೇ. 1910ರಲ್ಲಿ ಕಲ್ಕತ್ತೆಯಲ್ಲಿ ಶುರುವಾಗಿ, ಬೆಂಗಳೂರಿನಲ್ಲೂ ಸಿಗರೇಟು ಕಾರ್ಖಾನೆ ನಡೆಸಿದ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಇವತ್ತಿನ ಐಟಿಸಿ. ಹೆಸರಲ್ಲಿ ಇಂಪೀರಿಯಲ್ ಇದೆ ಅಂತ ಬ್ರಿಸ್ಟಲ್ ಕಡೆಗೆ ಜೋಡಿಸಬೇಡಿ, ಅದೂ ಆಗ ಬ್ರಿಟಿಷ್ ಅಮೆರಿಕನ್ ಬಳಗದ್ದೇ ಆಗಿತ್ತು.

ಹೆಸರೇ ಇಲ್ಲದ ಕಾರ್ಡುಗಳಿಗೆ ಏನು ಮಾಡುವುದು? ಇಲ್ಲಿ ಜೆಫರ್ಸನ್ ಬರ್ಡಿಕ್ ಅವರನ್ನು ನೆನೆಯಲೇಬೇಕು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನ ಕಾರ್ಖಾನೆ ಕೆಲಸಗಾರ. ಸಂಧಿವಾತದಿಂದ ಕೈಬೆರಳು ಮಡಚಲೂ ಕಷ್ಟ. ಅಂಥವರು 1930ರ ದಶಕದಿಂದ ಕಾರ್ಡುಗಳನ್ನು ವಿಂಗಡಿಸಿ 'ಅಮೆರಿಕನ್ ಕಾರ್ಡ್ ಕ್ಯಾಟಲಾಗ್' ಮಾಡಿದರು. ಯಾವ ಸರಕಿನ ಜೊತೆ ಬಂತು ಅನ್ನೋದರ ಮೇಲೆ ಅಕ್ಷರ ಕೊಟ್ಟರು. 19ನೇ ಶತಮಾನದ ತಂಬಾಕಿಗೆ 'ಎನ್', 20ನೇ ಶತಮಾನದ ತಂಬಾಕಿಗೆ 'ಟಿ', ಮೊದಮೊದಲ ಮಿಠಾಯಿ ಮತ್ತು ಗಮ್ಮಿಗೆ 'ಇ', 1930ರ ನಂತರದ್ದಕ್ಕೆ 'ಆರ್'. ಹಾರರ್ಸ್ ಆಫ್ ವಾರ್ ಅನ್ನು ಇವತ್ತಿಗೂ ಆರ್-69 ಅನ್ನುತ್ತಾರೆ. ಪಟ್ಟಿಯಲ್ಲಿ ಕಂಪನಿ ಗೊತ್ತಿಲ್ಲದ ಕಾರ್ಡಿಗೂ ಒಂದು ಜಾಗ ಇತ್ತು. ಇದು ದೊಡ್ಡ ವಿಷಯ. ಗೊತ್ತಿಲ್ಲದ್ದಕ್ಕೆ ಸುಮ್ನೆ ಒಂದು ಹೆಸರು ಅಂಟಿಸುವ ಬದಲು ನಂಬರು ಕೊಟ್ಟು ಬಿಟ್ಟರೆ, ಮುಂದೆ ಯಾರಾದರೂ ರ‍್ಯಾಪರ್ ಹಿಡಿದು ಬರಬಹುದು. ಅವರ 3 ಲಕ್ಷಕ್ಕೂ ಹೆಚ್ಚು ಕಾರ್ಡು ಮತ್ತಿತರ ಅಚ್ಚಿನ ಚೀಟಿಗಳು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ಅವನ್ನು ಆಲ್ಬಂಗಳಲ್ಲಿ ಜೋಡಿಸಿ ಮುಗಿಸಿದ ಸ್ವಲ್ಪ ಸಮಯದಲ್ಲೇ, 1963ರಲ್ಲಿ, ಬರ್ಡಿಕ್ ತೀರಿಕೊಂಡರು.

ಇಷ್ಟೆಲ್ಲ ಹುಡುಕುವ ಮೊದಲು ಕಾರ್ಡು ಹಳೆಯದ್ದೇ ಅಂತ ಖಚಿತ ಮಾಡಿಕೊಳ್ಳಬೇಕು. ಮಾರ್ಸ್ ಅಟ್ಯಾಕ್ಸ್ ಅನ್ನು 1984ರಲ್ಲಿ ರೋಸೆಮ್ ಅನ್ನೋ ಕಂಪನಿ ಮರುಮುದ್ರಿಸಿತ್ತು. ಮರುಮುದ್ರಣದಲ್ಲಿ ಹಳೆಯ ಹೆಸರು, ಹಳೆಯ ವರ್ಷ ಹಾಗೇ ನಕಲಾಗಿರಬಹುದು. ಅಲ್ಟ್ರಾವಯಲೆಟ್ ಟಾರ್ಚ್ ಇದ್ದರೆ ಕತ್ತಲಲ್ಲಿ ಹಿಡಿದು ನೋಡಿ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕ ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದದ್ದು. 1930ರ ದಶಕದ್ದು ಅಂತ ಮಾರುವ ಕಾರ್ಡು ನೀಲಿಬಿಳಿಯಾಗಿ ಹೊಳೆದರೆ ಕೈಬಿಡಿ. ಹೊಳೆಯದಿದ್ದರೆ ಅಸಲಿ ಅಂತ ಮಾತ್ರ ತೀರ್ಮಾನಿಸಬೇಡಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇನ್ನೂ ಒಳ್ಳೆಯದು. ಕಲ್ಲಚ್ಚಿನ ಚುಕ್ಕಿಗಳು ಕೈಯಿಂದ ಇಟ್ಟಂತೆ ಅಡ್ಡಾದಿಡ್ಡಿ ಇರುತ್ತವೆ. ಹೊಸ ಆಫ್‌ಸೆಟ್ ಅಚ್ಚಿನ ಚುಕ್ಕಿಗಳು ಒಂದೇ ಸಮ ಸಾಲುಗಟ್ಟಿರುತ್ತವೆ. ಫೋಟೋದಿಂದ ನಕಲು ಮಾಡಿದ್ದಾದರೆ ಅಕ್ಷರಗಳ ಅಂಚು ಕೂಡ ಚುಕ್ಕಿಯಾಗಿ ಒಡೆದಿರುತ್ತದೆ.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂಥ ಕಾರ್ಡು ಸಿಕ್ಕರೆ ಮೊದಲು ಎರಡೂ ಬದಿಯ ಫೋಟೋ ತೆಗೆಯಿರಿ. ಆಲ್ಬಂಗೆ ಅಂಟಿಸಿದ್ದರೆ ಕೀಳಬೇಡಿ. ಗೋಂದಿನ ಜೊತೆ ಹಿಂಬದಿಯ ಅಕ್ಷರವೂ ಎದ್ದು ಬರುತ್ತದೆ, ಬೇಕಾದದ್ದು ಅದೇ ಅಕ್ಷರ. ಪಟ್ಟಿ ಬರೆಯುವಾಗ ಹೊರತಂದವರು, ಅಚ್ಚು ಹಾಕಿದವರು, ಹಕ್ಕುದಾರರು, ಹಂಚಿದವರು ಅಂತ ನಾಲ್ಕು ಕಾಲಂ ಮಾಡಿ. ಕಾರ್ಡಿನ ಮೇಲೆ ಇದ್ದದ್ದನ್ನು ಇದ್ದ ಹಾಗೇ ಒಂದು ಬಣ್ಣದಲ್ಲಿ, ಬೇರೆ ಕಡೆಯಿಂದ ತಿಳಿದದ್ದನ್ನು ಇನ್ನೊಂದು ಬಣ್ಣದಲ್ಲಿ ಬರೆಯಿರಿ. ಗೊತ್ತಿಲ್ಲದ ಕಾಲಂ ಖಾಲಿ ಬಿಡಿ.